ಮೇಲಾದದ್ದು ಮತ್ತು ತಕ್ಕದ್ದು

ಉತ್ತಮ, ಮಧ್ಯಮ, ಅಧಮ ಎಂಬ ತರತಮ ವಸ್ತುಗಳಲ್ಲೇ ಅಡಗಿದೆಯೋ, ಅಥವಾ ಒಂದು ವಸ್ತು ಇನ್ನೊಂದಕ್ಕೆ ಎಷ್ಟು ತಕ್ಕದ್ದು ಎಂಬುದರಿಂದ ಅದರ ಒಳ್ಳೆಯತನ ತೀರ್ಮಾನವಾಗುತ್ತದೆಯೋ ಎಂಬುದು ತತ್ತ್ವಶಾಸ್ತ್ರದ ಹಳೆಯ ಜಿಜ್ಞಾಸೆ. ಪೆಟ್ರೋಲ್ ಬಂಕಿನಲ್ಲಿ ಸಾಧಾರಣ ಪೆಟ್ರೋಲಿನ ಪಕ್ಕದಲ್ಲೇ 95 ಎಂದೋ 100 ಎಂದೋ ಬರೆದ ಇನ್ನೊಂದು ಪಂಪು ನಿಂತಿರುತ್ತದೆ, ಅಂಕಿ ಏರಿದಂತೆ ಬೆಲೆಯೂ ಏರಿರುತ್ತದೆ. ಅವುಗಳ ನಡುವೆ ಕಾರು ನಿಲ್ಲಿಸಿದವರೆಲ್ಲರೂ ಅರಿತೋ ಅರಿಯದೆಯೋ ಆ ಜಿಜ್ಞಾಸೆಗೆ ತಮ್ಮದೊಂದು ಉತ್ತರ ಕೊಟ್ಟೇ ಮುಂದೆ ಹೋಗುತ್ತಾರೆ.

ಆಕ್ಟೇನ್ ಅಂಕಿಯು ಇಂಧನದ ಬಲವನ್ನು ಸೂಚಿಸುತ್ತದೆಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದು ಅಳೆಯುವುದು ಇಂಧನದ ತಾಳಿಕೆಯನ್ನು. ಎಂಜಿನ್ನಿನ ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಅದುಮಿದ ಮೇಲೆ, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಜ್ವಾಲೆ ಆ ಮಿಶ್ರಣದ ಉದ್ದಕ್ಕೂ ಕ್ರಮವಾಗಿ ಹರಡಬೇಕು. ಜ್ವಾಲೆ ತಲಪುವ ಮೊದಲೇ ಒತ್ತಡವನ್ನೂ ಶಾಖವನ್ನೂ ತಾಳಲಾರದೆ ಉಳಿದ ಭಾಗ ತಾನಾಗಿ ಸಿಡಿದರೆ, ಲೋಹವನ್ನು ಸಣ್ಣ ಸುತ್ತಿಗೆಯಿಂದ ಕುಟ್ಟಿದಂಥ ಸದ್ದು ಕೇಳಿಸುತ್ತದೆ. ಇದಕ್ಕೆ ನಾಕಿಂಗ್ ಎಂದು ಹೆಸರು. ಇಂಧನವೊಂದು ಇದನ್ನು ಎಷ್ಟರ ಮಟ್ಟಿಗೆ ತಡೆಯುತ್ತದೆಂದು ನೋಡಲು 1920ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರು ಎರಡು ಶುದ್ಧ ದ್ರವಗಳನ್ನು ಆಯ್ದುಕೊಂಡು, ಸುಲಭವಾಗಿ ಸಿಡಿಯುವ ಹೆಪ್ಟೇನಿಗೆ ಸೊನ್ನೆಯನ್ನೂ, ಚೆನ್ನಾಗಿ ತಾಳಿಕೊಳ್ಳುವ ಐಸೊಆಕ್ಟೇನಿಗೆ ನೂರನ್ನೂ ಕೊಟ್ಟರು. ಒಂದೇ ಸಿಲಿಂಡರಿನ, ಓಡುತ್ತಿರುವಾಗಲೇ ಅದುಮುವ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಬಹುದಾದ ಪರೀಕ್ಷಾ ಎಂಜಿನ್ನಿನಲ್ಲಿ, 91 ಪಾಲು ಐಸೊಆಕ್ಟೇನ್ ಮತ್ತು 9 ಪಾಲು ಹೆಪ್ಟೇನ್ ಬೆರೆಸಿದ ದ್ರವದಷ್ಟೇ ತಾಳಿಕೆ ತೋರಿದ ಪೆಟ್ರೋಲಿನ ಅಂಕಿ 91 ಆಗುತ್ತದೆ. ಪರೀಕ್ಷೆಯ ವೇಗ ಮತ್ತು ಶಾಖವನ್ನು ಬದಲಿಸಿದರೆ ಅದೇ ಪೆಟ್ರೋಲಿಗೆ ಬೇರೆ ಅಂಕಿ ಬರುತ್ತದೆ. ಅಮೆರಿಕದ ಬಂಕುಗಳು ಎರಡು ಬಗೆಯ ಪರೀಕ್ಷೆಗಳ ಸರಾಸರಿಯನ್ನು ಬರೆಯುವುದರಿಂದ ಅಲ್ಲಿನ 87 ಇಲ್ಲಿನ 91ರ ಆಸುಪಾಸಿನದೇ ಆಗಿದೆ, ಅಂಕಿಯನ್ನಷ್ಟೇ ನೋಡಿ ಅದನ್ನು ಕೀಳೆಂದು ಬಗೆಯಲು ಆಧಾರವಿಲ್ಲ.

ಹೀಗಾಗಿ, 91ಕ್ಕೆಂದೇ ವಿನ್ಯಾಸಗೊಂಡ ಎಂಜಿನ್ನಿಗೆ 100ರ ಪೆಟ್ರೋಲ್ ತುಂಬಿಸಿದರೆ ಅದರ ಹೆಚ್ಚಿನ ತಾಳಿಕೆಗೆ ಅಲ್ಲಿ ಮಾಡಲು ಕೆಲಸವೇ ಇರುವುದಿಲ್ಲ. ಹೆಚ್ಚು ಅದುಮುವ ಅಥವಾ ಟರ್ಬೊ ಅಳವಡಿಸಿದ, 95ನ್ನು ಬೇಡುವ ಎಂಜಿನ್ನಿಗೆ 91ನ್ನು ಕೊಟ್ಟರೆ ಮಾತ್ರ ನಷ್ಟ ನಿಜವಾದದ್ದು: ನಾಕಿಂಗನ್ನು ಗುರುತಿಸುವ ಸೆನ್ಸರ್ ಕಿಡಿಯನ್ನು ತುಸು ತಡಮಾಡಿಸಿ ಎಂಜಿನ್ನನ್ನು ಕಾಪಾಡುತ್ತದಾದರೂ ಎಳೆತ ಕುಗ್ಗುತ್ತದೆ, ಇಂಧನ ವ್ಯರ್ಥವಾಗುತ್ತದೆ.

ಇದೇ ವಿವೇಕವನ್ನು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಎರಡನೆಯ ಭಾಗದಲ್ಲಿ ಆಹಾರದ ದೃಷ್ಟಾಂತದಿಂದ ವಿವರಿಸುತ್ತಾನೆ. ಹತ್ತು ಅಳತೆ ಆಹಾರ ಹೆಚ್ಚು, ಎರಡು ಅಳತೆ ಕಡಿಮೆ ಎಂದಮಾತ್ರಕ್ಕೆ ಆರು ಎಲ್ಲರಿಗೂ ಸರಿಯಾಗುವುದಿಲ್ಲ. ಅದು ಮಿಲೊ ಎಂಬ ಪ್ರಸಿದ್ಧ ಜಟ್ಟಿಗೆ ಸಾಲದು, ಆಗಷ್ಟೇ ಗರಡಿಗೆ ಕಾಲಿಟ್ಟವನಿಗೆ ಅತಿಯಾದೀತು. ಭಾರತೀಯ ಚಿಂತನೆಯಲ್ಲಿ ಇದಕ್ಕೆ ಹತ್ತಿರವಾದದ್ದು ಅಧಿಕಾರಿಭೇದದ ಕಲ್ಪನೆ, ಅಂದರೆ ಸಾಧಕನ ಯೋಗ್ಯತೆಗೆ ಅನುಗುಣವಾಗಿ ಸಾಧನೆಯೂ ಬೇರೆಯಾಗಬೇಕೆಂಬ ನಿಲುವು. ವೇದಾಂತಿಗಳು ವಿವೇಕ, ವೈರಾಗ್ಯ, ಶಮದಮಾದಿಗಳು ಮತ್ತು ಮುಮುಕ್ಷುತ್ವ ಎಂಬ ನಾಲ್ಕನ್ನು ಬ್ರಹ್ಮಜಿಜ್ಞಾಸುವಿನ ಯೋಗ್ಯತೆಯೆಂದು ಎಣಿಸಿದಾಗ ಈ ನಿಲುವಿನಲ್ಲಿ ಆಕ್ಷೇಪಿಸುವಂಥದ್ದೇನೂ ಕಾಣುವುದಿಲ್ಲ. ಆದರೆ ಬ್ರಹ್ಮಸೂತ್ರದ ಅಪಶೂದ್ರಾಧಿಕರಣಕ್ಕೆ ಬರೆದ ಭಾಷ್ಯದಲ್ಲಿ ಶಂಕರರು ಶೂದ್ರರಿಗೆ ವೇದಾಧ್ಯಯನದ ಅಧಿಕಾರವಿಲ್ಲವೆಂದು ಸಾಧಿಸುವಾಗ, ಗುಣವನ್ನು ನೋಡಬೇಕಾಗಿದ್ದ ಯೋಗ್ಯತೆ ಹುಟ್ಟನ್ನು ನೋಡತೊಡಗುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಒಪ್ಪದೇ ಹೋದದ್ದು ಈ ಎರಡನೆಯ ಬಗೆಯ ಯೋಗ್ಯತೆಯನ್ನು.

ಎಂಜಿನ್ನಿನ ವಿಷಯದಲ್ಲಿ ಇಂಥ ಜಗಳ ಹುಟ್ಟದಿರಲು ಕಾರಣವಿದೆ. ಅದನ್ನು ಮಾಡಿದವರು ಅದಕ್ಕೇನು ಬೇಕೆಂದು ಮೊದಲೇ ನಿರ್ಧರಿಸಿ, ಕೈಪಿಡಿಯಲ್ಲೂ ಬಹಳಷ್ಟು ಕಾರುಗಳಲ್ಲಿ ಇಂಧನ ತುಂಬುವ ಬಾಯಿಯ ಮುಚ್ಚಳದ ಒಳಬದಿಯಲ್ಲೂ ಬರೆದಿಟ್ಟಿರುತ್ತಾರೆ. ದಾರ್ಶನಿಕ ಸಾರ್ತ್ರ್ 1945ರ ಪ್ಯಾರಿಸ್ ಉಪನ್ಯಾಸದಲ್ಲಿ ಕಾಗದ ಕತ್ತರಿಸುವ ಚಾಕುವನ್ನು ಉದಾಹರಿಸಿ ಹೇಳಿದ್ದು ಇದನ್ನೇ: ಉಪಕರಣದ ಸ್ವರೂಪ ಅದರ ಇರವಿಗಿಂತ ಮೊದಲೇ ನಿಶ್ಚಿತವಾಗಿರುತ್ತದೆ, ಮನುಷ್ಯನದು ಹಾಗಲ್ಲ. ಮನುಷ್ಯನ ಕೈಪಿಡಿ ತನ್ನ ಬಳಿಯಿದೆ ಎನ್ನುವವರ ಮಾತನ್ನು ಯಾವ ಕಾಲದಲ್ಲೂ ಸಂಶಯದಿಂದಲೇ ಕೇಳುವುದು ಲೇಸು.

ಇನ್ನು ಯಂತ್ರಕ್ಕೇ ಸೀಮಿತವಾಗಿ ನೋಡಿದರೂ, ತಕ್ಕದ್ದು ಎಂದಾಕ್ಷಣ ಒಳ್ಳೆಯದು ಎಂದಾಗುವುದಿಲ್ಲ. 1921ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಪ್ರಯೋಗಶಾಲೆಯಲ್ಲಿ ಥಾಮಸ್ ಮಿಜ್ಲಿ, ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಒಂದಿಷ್ಟೇ ಬೆರೆಸಿದರೂ ನಾಕಿಂಗ್ ಅಡಗುವುದನ್ನು ಕಂಡುಕೊಂಡ. 1923ರಲ್ಲಿ ಆ ಪೆಟ್ರೋಲ್ ಮಾರಾಟಕ್ಕೆ ಬಂದಿತು. ಎಂಜಿನ್ನಿನ ನಾಕಿಂಗಿಗೆ ಅಷ್ಟು ಅಗ್ಗದ ಮದ್ದು ಆಗ ಇನ್ನೊಂದಿರಲಿಲ್ಲ. ಆದರೆ 1924ರಲ್ಲಿ ನ್ಯೂಜೆರ್ಸಿಯಲ್ಲಿ ಆ ಸಂಯುಕ್ತವನ್ನು ತಯಾರಿಸುತ್ತಿದ್ದ ಕಾರ್ಮಿಕರಲ್ಲಿ ಕೆಲವರು ಬುದ್ಧಿಭ್ರಮಣೆಗೊಂಡು ಸತ್ತರು, ಹೊಗೆಕೊಳವೆಯಿಂದ ಹೊರಬಿದ್ದ ಸೀಸ ದಶಕಗಳ ಕಾಲ ಬೀದಿಯ ಮಣ್ಣಿಗೂ ಮಕ್ಕಳ ರಕ್ತಕ್ಕೂ ಸೇರಿತು. ವಾತಾವರಣದಲ್ಲಿ ಮತ್ತು ಮನುಷ್ಯದೇಹದಲ್ಲಿ ಸೀಸದ ಪ್ರಮಾಣ ಸಹಜ ಮಟ್ಟವನ್ನು ಬಹಳಷ್ಟು ಮೀರಿದೆಯೆಂದು ಭೂರಸಾಯನಶಾಸ್ತ್ರಜ್ಞ ಕ್ಲೇರ್ ಪ್ಯಾಟರ್ಸನ್ 1965ರಲ್ಲಿ ವಾದಿಸಿದಾಗ ಉದ್ಯಮ ಅದನ್ನು ಬಲವಾಗಿ ಎದುರಿಸಿತು. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ, ಎಲ್ಲಕ್ಕಿಂತ ಕೊನೆಗೆ ಅಲ್ಜೀರಿಯದಲ್ಲಿ 2021ರಲ್ಲಿ. ಇಂಧನ ಮತ್ತು ಎಂಜಿನ್ ಎಂಬ ಎರಡರ ನಡುವಿನ ಹೊಂದಾಣಿಕೆಯನ್ನಷ್ಟೇ ಲೆಕ್ಕಹಾಕಿದ ವಿಚಾರಕ್ರಮದಲ್ಲಿ, ಆ ವ್ಯವಹಾರಕ್ಕೆ ಸೇರದೆಯೂ ಅದರ ಗಾಳಿಯನ್ನು ಉಸಿರಾಡುವ ಮೂರನೆಯವನಿಗೆ ಸ್ಥಾನವೇ ಇರಲಿಲ್ಲ. ಜೈನರ ಅಹಿಂಸಾ ವಿಚಾರವಾದರೋ, ಕರ್ತೃವಿನ ಕಣ್ಣಿಗೆ ಬೀಳದ ವಾಯುಕಾಯದ ಸೂಕ್ಷ್ಮಜೀವಿಯಿಂದಲೇ ಲೆಕ್ಕ ಶುರುಮಾಡುತ್ತದೆ.

ಮೂರನೆಯವನ ಹಿತವನ್ನು ಮುಂದಿಟ್ಟಾಗ ಹೊಂದಾಣಿಕೆಯ ಪ್ರಶ್ನೆ ತಾನೇ ತಾನಾಗಿ ಬಗೆಹರಿಯುತ್ತದೆಂದೂ ತಿಳಿಯಬೇಕಿಲ್ಲ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ, ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು ಆಮದು ಕಡಿಮೆಯಾಗಲೆಂದೂ ಹೊಗೆ ತಗ್ಗಲೆಂದೂ ಕಬ್ಬು ಬೆಳೆಗಾರನಿಗೆ ನೆರವಾಗಲೆಂದೂ ಸಮರ್ಥಿಸಲಾಗುತ್ತದೆ. ಎಥನಾಲಿನ ಆಕ್ಟೇನ್ ಅಂಕಿ 100ನ್ನೂ ಮೀರಿದ್ದು, ಆದರೆ ಒಂದು ಲೀಟರಿನಲ್ಲಿ ಅದು ಕೊಡುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆ. ಆದ್ದರಿಂದ ಮಿಶ್ರಣದ ಅಂಕಿ ಏರುತ್ತಿರುವಂತೆಯೇ ಮೈಲೇಜು ಇಳಿಯುತ್ತದೆ, ಇಷ್ಟು ಎಥನಾಲಿಗೆಂದು ತಯಾರಾಗದ ಹಳೆಯ ಗಾಡಿಗಳ ರಬ್ಬರ್ ಕೊಳವೆ, ಸೀಲುಗಳ ಬಾಳಿಕೆಯ ಚಿಂತೆ ಬೇರೆ. ಅಂಥ ಗಾಡಿಯ ಒಡೆಯನು ಕೈಪಿಡಿ ತೆರೆದು ತನ್ನ ಎಂಜಿನ್ನಿಗೆ ತಕ್ಕದ್ದು ಯಾವುದೆಂದು ಖಚಿತಪಡಿಸಿಕೊಂಡರೂ ಬಂಕಿನಲ್ಲಿ ಅದು ಸಿಗಲಿಕ್ಕಿಲ್ಲ, ಏಕೆಂದರೆ ಅವನ ಪರವಾಗಿ ಆಯ್ಕೆ ಅದಾಗಲೇ ಬೇರೆಡೆ ನಡೆದುಹೋಗಿರುತ್ತದೆ.