ಸಾರ್ದಿಸಿನ ಕಾವಲಿಲ್ಲದ ಗೋಡೆ



ಪ್ರಕಟನೆಯ 3ನೆಯ ಅಧ್ಯಾಯದಲ್ಲಿ ಕರ್ತನು ಸಾರ್ದಿಸಿನ ಸಭೆಗೆ ಬರೆಯಿಸಿದ ಪತ್ರವನ್ನು ನಾವು ಓದಿದ್ದೇವೆ. ಜೀವವುಳ್ಳದ್ದೆಂಬ ಹೆಸರಿದ್ದೂ ಸತ್ತಂತಿದ್ದ ಆ ಸಭೆಗೆ ಆತನು ಎಚ್ಚರಗೊಳ್ಳಬೇಕೆಂದು ಆಜ್ಞಾಪಿಸಿದನು. ಈ ಮಾತು ಆ ಊರಿನವರನ್ನು ಎಷ್ಟು ಚುಚ್ಚಿರಬೇಕೆಂಬದು ಅದರ ಚರಿತ್ರೆಯನ್ನು ಬಲ್ಲವರಿಗೆ ತಿಳಿಯುವದು.

ಸಾರ್ದಿಸ್ ಪಟ್ಟಣವು ಈಗಿನ ತುರ್ಕಿ ದೇಶದ ಪಶ್ಚಿಮ ಭಾಗದಲ್ಲಿತ್ತು. ಪೂರ್ವದಲ್ಲಿ ಅದು ಲುದ್ಯ ರಾಜ್ಯದ ರಾಜಧಾನಿ. ಅದರ ಕೋಟೆಯು ಕಡಿದಾದ ಬೆಟ್ಟದ ಮೇಲಿತ್ತು. ಕ್ರಿ. ಪೂ. 546ರ ಸುಮಾರಿಗೆ ಪಾರಸಿಯ ಅರಸನಾದ ಕೋರೆಷನು ಅದಕ್ಕೆ ಮುತ್ತಿಗೆ ಹಾಕಿದನು. ಬೆಟ್ಟದ ಒಂದು ಬದಿಯನ್ನು ಯಾರೂ ಹತ್ತಲಾರರೆಂದು ನಂಬಿ ಊರಿನವರು ಅಲ್ಲಿ ಕಾವಲಿಟ್ಟಿರಲಿಲ್ಲ. ಕೋಟೆಯ ಸಿಪಾಯಿಯೊಬ್ಬನು ಕೆಳಗೆ ಬಿದ್ದ ತನ್ನ ಶಿರಸ್ತ್ರಾಣವನ್ನು ತಕ್ಕೊಳ್ಳಲು ಆ ಬದಿಯಿಂದಲೇ ಇಳಿದು ಹತ್ತಿದ್ದನ್ನು ಶತ್ರುವೊಬ್ಬನು ಕಂಡನು. ಆ ದಾರಿಯಿಂದಲೇ ಪಟ್ಟಣವು ಹಿಡಿಯಲ್ಪಟ್ಟಿತೆಂದು ಹೆರೊಡೋಟಸನು ಬರೆದಿದ್ದಾನೆ. ಮುನ್ನೂರು ವರುಷಗಳಿಗಿಂತ ಹೆಚ್ಚು ಕಳೆದ ಮೇಲೆ, ಕ್ರಿ. ಪೂ. 214ರ ಸುಮಾರಿಗೆ, ಮೂರನೆಯ ಅಂತಿಯೋಕನ ದಂಡು ಅದೇ ಪಟ್ಟಣವನ್ನು ಸುತ್ತಿಕೊಂಡಿತು. ಗೋಡೆಯ ಒಂದು ಭಾಗದ ಮೇಲೆ ರಣಹದ್ದುಗಳು ನಿರ್ಭಯವಾಗಿ ಕೂತದ್ದನ್ನು ನೋಡಿ, ಅಲ್ಲಿ ಕಾವಲುಗಾರರಿಲ್ಲವೆಂದು ಒಬ್ಬ ದಳಪತಿಯು ತಿಳುಕೊಂಡನು. ಪಟ್ಟಣವು ಪುನಃ ಬಿತ್ತು.

ನಾವು ಯೋಚಿಸಬೇಕಾದದ್ದೇನಂದರೆ, ಸಾರ್ದಿಸ್ ತನ್ನ ಬಲಹೀನವಾದ ಬದಿಯಿಂದ ಬೀಳಲಿಲ್ಲ. ಅದು ಭದ್ರವೆಂದು ನಂಬಿದ ಬದಿಯಿಂದಲೇ ಬಿತ್ತು. ಮನುಷ್ಯನ ಆತ್ಮಕ್ಕೂ ಹಾಗೆಯೇ ಆಗುತ್ತದೆ. ಪೇತ್ರನು ಧೈರ್ಯಶಾಲಿಯಾಗಿದ್ದನು; ಧೈರ್ಯದ ವಿಷಯದಲ್ಲಿಯೇ ಒಬ್ಬ ದಾಸಿಯ ಮುಂದೆ ಬಿದ್ದನು. ಮೋಶೆಯು ಎಲ್ಲರಿಗಿಂತಲೂ ಸಾತ್ವಿಕನಾಗಿದ್ದನು. ಮೆರೀಬದ ನೀರಿನ ಬಳಿಯಲ್ಲಿ ದುಡುಕಿ ಮಾತಾಡಿ ವಾಗ್ದತ್ತ ದೇಶವನ್ನು ಪ್ರವೇಶಿಸದೆ ಹೋದನು.

ನಮ್ಮ ಸಭೆಗಳಲ್ಲಿ ನೋಡೋಣ. ಅಜ್ಜನ ಕಾಲದಿಂದ ಕ್ರೈಸ್ತರಾಗಿರುವ ಮನೆಯವರು ಅಜ್ಜನ ವಿಶ್ವಾಸವನ್ನೇ ತಮ್ಮದೆಂದು ಎಣಿಸುತ್ತಾರೆ. ತಪ್ಪದೆ ಕಾಣಿಕೆ ಕೊಡುವವನು, ತಾನು ಕೊಡುವದು ದೇವರಿಗೋ ನೆರೆಯವರ ಕಣ್ಣಿಗೋ ಎಂದು ಕೇಳಿಕೊಳ್ಳುವದನ್ನು ಬಿಡುತ್ತಾನೆ. ಸಭೆಯಲ್ಲಿ ಇಂಪಾಗಿ ಪ್ರಾರ್ಥಿಸುವವನು ಮನೆಯಲ್ಲಿ ಮೊಣಕಾಲೂರದೆ ಮಲಗುತ್ತಾನೆ. ಬಲಹೀನತೆಗಳಿಗಾಗಿ ನಾವು ಅಳುತ್ತೇವೆ, ಎಚ್ಚರವಾಗಿಯೂ ಇರುತ್ತೇವೆ. ಜನರು ಹೊಗಳುವ ಗುಣಕ್ಕೆ ಮಾತ್ರ ಕಾವಲಿಡುವದಿಲ್ಲ.

ಹಾಗಾದರೆ ರಕ್ಷಣೆಯ ನಿಶ್ಚಯವುಳ್ಳವರಾಗಿರುವದು ತಪ್ಪೋ? ಅಲ್ಲ. ಕೂಸು ತಾಯಿಯ ಕೈಯನ್ನು ನಂಬಿ ಕಾಲುವೆ ದಾಟುವದು ಗರ್ವವಲ್ಲ. ಕೈಬಿಟ್ಟು, ನನ್ನ ಕಾಲೇ ಸಾಕು ಅನ್ನುವದು ಗರ್ವ. ನಿಜವಾದ ನಿಶ್ಚಯವು ಪ್ರಾರ್ಥನೆಯನ್ನು ಹೆಚ್ಚಿಸುತ್ತದೆ. ಸುಳ್ಳು ನಿಶ್ಚಯವು ಪ್ರಾರ್ಥನೆಯ ಅಗತ್ಯವನ್ನು ಕಾಣುವದಿಲ್ಲ. ಇದರಿಂದಲೇ ಇವೆರಡರ ಭೇದವನ್ನು ತಿಳಿಯಬಹುದು.

ಆದಕಾರಣ, ಪ್ರಿಯರೇ, ಮುಂದಿನ ಸಾರಿ ಕರ್ತನ ಭೋಜನಕ್ಕಾಗಿ ನಮ್ಮನ್ನು ಪರೀಕ್ಷಿಸಿಕೊಳ್ಳುವಾಗ, ತಿಳಿದ ಪಾಪಗಳನ್ನು ಮಾತ್ರ ಎಣಿಸಿ ಮುಗಿಸದಿರೋಣ. ನಮ್ಮಲ್ಲಿ ಒಳ್ಳೇದೆಂದು ಹೆಸರಾದದ್ದನ್ನೂ ಕರ್ತನ ಮುಂದಿಟ್ಟು, ಅದರಲ್ಲಿ ಜೀವವುಂಟೋ, ಹೆಸರು ಮಾತ್ರವೋ ಎಂದು ಕೇಳೋಣ. ಮನೆಯವರು ಬುದ್ಧಿಹೇಳಿದರೆ ಸಿಟ್ಟಾಗದೆ ಕೇಳೋಣ. ನಮಗೆ ಕಾಣದ ಬದಿಯು ಅವರಿಗೆ ಕಾಣುತ್ತದೆ. ಸಾರ್ದಿಸಿನಲ್ಲಿಯೂ ತಮ್ಮ ವಸ್ತ್ರಗಳನ್ನು ಮೈಲಿಗೆ ಮಾಡಿಕೊಳ್ಳದ ಕೆಲವರಿದ್ದರೆಂದು ಕರ್ತನು ಸಾಕ್ಷಿ ಕೊಟ್ಟನು. ಅಂಥವರೊಳಗೆ ನಾವೂ ಎಣಿಸಲ್ಪಡುವ ಹಾಗೆ ಆತನ ಕೃಪೆಯು ನಮ್ಮನ್ನು ಎಚ್ಚರವಾಗಿಡಲಿ.