ಹಳೆಯ ಗೇರ್‌ಬಾಕ್ಸೂ ಕ್ರಯವಿಕ್ರಯಧರ್ಮವೂ

ಕೊಳ್ಳುವವನಿಗೆ ಕೇಳುವ ಕರ್ತವ್ಯವುಂಟೆ? ಮಾರುವವನು ತಾನಾಗಿ ಹೇಳದೆ ಬಿಟ್ಟದ್ದನ್ನು ಕೊಳ್ಳುವವನು ಕೆದಕಿ ಕೇಳತಕ್ಕದ್ದೊ, ಇಲ್ಲವೆ ಹಣವನ್ನೆಣಿಸಿಕೊಟ್ಟು ವಸ್ತುವನ್ನೆತ್ತಿಕೊಂಡು ಹೊರಟರೆ ಅವನ ಧರ್ಮವು ಅಲ್ಲಿಗೆ ತೀರಿತೊ? ನಮ್ಮ ಸ್ಮೃತಿಕಾರರು ಈ ಪ್ರಶ್ನೆಯನ್ನು ಹಸು, ಧಾನ್ಯ, ಲೋಹಗಳ ವಿಷಯದಲ್ಲಿ ವಿಚಾರಮಾಡಿದರು. ಈಚೆಗೆ ಅದು ಯಲಹಂಕದಲ್ಲಿ ಹಳೆಯದೊಂದು ಡೀಸೆಲ್ ಪಿಕಪ್ ಗಾಡಿಯ ಗೇರ್‌ಬಾಕ್ಸಿನ ರೂಪದಿಂದ ನಮ್ಮೆದುರಿಗೆ ಬಂದಿತು. ವಸ್ತುವು ಎಣ್ಣೆಯ ಜಿಡ್ಡಿನದೆಂದು ವಾಚಕಮಹಾಶಯರು ವಿಚಾರವನ್ನೂ ಹಗುರವೆಂದೆಣಿಸಬಾರದೆಂದು ಪ್ರಾರ್ಥನೆ.

ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆಯಿಂದ ತರಕಾರಿ, ಹೂವು, ದ್ರಾಕ್ಷಿಗಳನ್ನು ಬೆಂಗಳೂರಿಗೆ ತರುವುದಕ್ಕೂ, ಯಶವಂತಪುರದ ಮಾರುಕಟ್ಟೆಯ ಪ್ರಾಂಗಣದಿಂದ ಮೂಟೆಗಳನ್ನು ಹೆಬ್ಬಾಳ, ಆರ್.ಟಿ. ನಗರಗಳ ಅಂಗಡಿಗಳಿಗೆ ಮುಟ್ಟಿಸುವುದಕ್ಕೂ ಈ ಬಗೆಯ ಗಾಡಿಗಳೇ ಆಧಾರ. ಅನೇಕ ವೇಳೆ ಗಾಡಿಯ ಒಡೆಯನೇ ಚಾಲಕ. ಗಾಡಿಯು ನಿಂತ ದಿನ ಮನೆಯ ಒಲೆಯೂ ಅರ್ಧ ಉರಿಯುವುದು. ನಮ್ಮ ಬೀದಿಯ ತರುಣನೊಬ್ಬನ ಟಾಟಾ ೨೦೭ ಗಾಡಿಯ ಗೇರ್‌ಬಾಕ್ಸು ಕೆಟ್ಟಿತು. ಹೊಸದನ್ನು ಕೊಳ್ಳುವ ಶಕ್ತಿ ಅವನಿಗಿಲ್ಲ. ಹಳೆಯ ಗಾಡಿಗೆ ಅಷ್ಟು ಸುರಿಯುವುದು ವಿವೇಕವೂ ಅಲ್ಲ. ಆದುದರಿಂದ ಅವನು ಗುಜರಿ ಅಂಗಡಿಗಳನ್ನು ಸುತ್ತತೊಡಗಿದನು.

ಗುಜರಿಯೆಂದೊಡನೆ ಮೂಗು ಮುರಿಯುವ ಸಭ್ಯರು ನಮ್ಮಲ್ಲಿ ಬಹಳ ಮಂದಿ. ಅದು ಅನ್ಯಾಯ. ಶಿವಾಜಿನಗರದಲ್ಲಿಯೂ ತುಮಕೂರು ರಸ್ತೆಯ ಆಸುಪಾಸಿನಲ್ಲಿಯೂ ಮುರಿದ ಗಾಡಿಯನ್ನು ಅಂಗಾಂಗವಾಗಿ ಬಿಚ್ಚಿ, ಇನ್ನೂ ಜೀವವುಳ್ಳ ಭಾಗವನ್ನು ಬೇರ್ಪಡಿಸಿ, ಬಡವನ ಕೈಗೆಟುಕುವ ಬೆಲೆಗೆ ಕೊಡುವವರ ಕೆಲಸದಲ್ಲಿ ವಿದ್ಯೆಯೂ ಇದೆ, ಉಪಕಾರವೂ ಇದೆ. ಕೀಳೆನಿಸಬೇಕಾದ್ದು ಹಳೆಯ ವಸ್ತುವಲ್ಲ. ಅದರ ಪೂರ್ವವೃತ್ತಾಂತವನ್ನು ಮರೆಸುವುದು.

ಈ ಯಂತ್ರದ ಸ್ವಭಾವವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಎಂಜಿನ್ನಿನ ವೇಗವನ್ನು ಹಲ್ಲುಚಕ್ರಗಳ ಮೂಲಕ ಬಲವಾಗಿ ಪರಿವರ್ತಿಸಿ ಹಿಂದಿನ ಚಕ್ರಗಳಿಗೆ ಕಳುಹಿಸತಕ್ಕದ್ದು ಗೇರ್‌ಬಾಕ್ಸು. ಹಲ್ಲುಗಳು, ಬೇರಿಂಗುಗಳು, ಒಂದು ಗೇರಿನಿಂದ ಮತ್ತೊಂದಕ್ಕೆ ಸಂಘರ್ಷವಿಲ್ಲದೆ ಸೇರಿಸುವ ಹಿತ್ತಾಳೆಯ ಬಳೆಗಳು, ಇವೆಲ್ಲವೂ ಮುಚ್ಚಿದ ಲೋಹದ ಕವಚದೊಳಗಿರುತ್ತವೆ. ಬಲ್ಲ ಮೇಸ್ತ್ರಿಯು ಎಣ್ಣೆಯನ್ನು ಇಳಿಸಿ ನೋಡುತ್ತಾನೆ: ಹೊಂಬಣ್ಣದ ಪುಡಿಯು ಮಿನುಗಿದರೆ ಬಳೆಗಳು ಸವೆದಿವೆ, ಕಬ್ಬಿಣದ ಚೂರು ಸಿಕ್ಕಿದರೆ ಹಲ್ಲು ಮುರಿದಿದೆ. ಒಳಬರುವ ದಂಡವನ್ನು ಹಿಡಿದು ಅಲುಗಿಸಿ ಬೇರಿಂಗಿನ ಸಡಿಲವನ್ನು ತಿಳಿಯುತ್ತಾನೆ. ಆದರೆ ಗಟ್ಟಿಯಾದ ಗ್ರೀಸನ್ನು ತುಂಬಿ ಸದ್ದನ್ನಡಗಿಸುವ ಜಾಣರೂ ಉಂಟು. ಅಲ್ಲದೆ ಹೊರೆ ಹೇರಿ ಓಡಿಸಿದ ಹೊರತು ಕೆಲವು ದೋಷಗಳು ಯಾವ ಪರೀಕ್ಷೆಗೂ ಸಿಕ್ಕವು.

ತರುಣನಿಗೆ ಎರಡು ಕಡೆ ವಸ್ತುವು ದೊರೆಯಿತು. ಒಂದು ಅಂಗಡಿಯವನು ಅದು ಯಾವ ಗಾಡಿಯಿಂದ ಬಂದದ್ದೆಂದು ಹೇಳಿ ರಸೀದಿಯನ್ನು ಕೊಡಲೊಪ್ಪಿದನು. ಮತ್ತೊಬ್ಬನಿಗೆ ಅಂಗಡಿಯೇ ಇರಲಿಲ್ಲ. ಅವನು ಅರ್ಧ ಬೆಲೆಯನ್ನು ಹೇಳಿ, ರಾತ್ರಿ ಹತ್ತರ ಮೇಲೆ ಗಾಡಿ ತಂದರೆ ಸಾಕು, ರಸೀದಿಯ ಮಾತು ಬೇಡ ಎಂದನು. ತರುಣನು ನನ್ನಲ್ಲಿಗೆ ಬಂದು, “ಮೇಷ್ಟ್ರೇ, ನಾನಂತೂ ಕದಿಯಲಿಲ್ಲ. ಅವನು ಎಲ್ಲಿಂದ ತಂದನೆಂದು ಕೇಳಲೂ ಇಲ್ಲ. ಗೊತ್ತಿಲ್ಲದೆ ಕೊಂಡರೆ ನನಗೇನು ಪಾಪ?” ಎಂದನು. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಸಾಲದ ಕಂತು ತಲೆಯ ಮೇಲಿದ್ದಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಗಾಡಿಯ ನೋಂದಣಿಪತ್ರದಲ್ಲಿ ಚಾಸಿಯ ಸಂಖ್ಯೆಯೂ ಎಂಜಿನ್ನಿನ ಸಂಖ್ಯೆಯೂ ಇರುತ್ತವೆ, ಗೇರ್‌ಬಾಕ್ಸಿನದು ಇರುವುದಿಲ್ಲ. ರಾಜಶಾಸನದ ದೃಷ್ಟಿಯಲ್ಲಿ ಎಂಜಿನ್ನಿಗೆ ಗೋತ್ರಪ್ರವರಗಳಿವೆ, ಇದಕ್ಕೆ ಮಾತ್ರ ಇಲ್ಲ. ಅದೇ ಯಲಹಂಕದಲ್ಲಿ, ೧೯೮೪ರಲ್ಲಿ ಸ್ಥಾಪಿತವಾದ ರೈಲ್ವೆಯ ಗಾಲಿ ಕಾರ್ಖಾನೆಯಲ್ಲಿ ಹಳೆಯ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಹೊಸ ಗಾಲಿಗಳನ್ನು ಎರಕಹೊಯ್ಯುತ್ತಾರೆ. ಅಗ್ನಿಯಲ್ಲಿ ಕರಗಿದ ಲೋಹಕ್ಕೆ ಅದು ನಿಜವಾದ ಪುನರ್ಜನ್ಮ. ಹಿಂದೆ ಏನಾಗಿದ್ದಿತೆಂಬ ಪ್ರಶ್ನೆಯು ಅಲ್ಲಿ ಏಳದು. ಗೇರ್‌ಬಾಕ್ಸಾದರೊ ಕರಗದೆ, ತನ್ನ ಸವೆತವನ್ನೂ ತನ್ನ ಒಡೆತನದ ಪ್ರಶ್ನೆಯನ್ನೂ ಹೊತ್ತುಕೊಂಡೇ ಮತ್ತೊಂದು ಗಾಡಿಗೆ ಸೇರುತ್ತದೆ. ಪತ್ರದಲ್ಲಿ ಹೆಸರಿಲ್ಲದ ಇಂಥ ವಸ್ತುವಿನ ವೃತ್ತಾಂತವು ಉಳಿಯಬೇಕಾದರೆ ಕೊಳ್ಳುವವನು ಕೇಳಬೇಕು, ಮಾರುವವನು ಹೇಳಬೇಕು, ಬೇರೆ ದಾರಿಯಿಲ್ಲ.

ಒಡೆಯನಲ್ಲದವನು ಮಾಡುವ ಮಾರಾಟವನ್ನು ನಮ್ಮವರು ಅಸ್ವಾಮಿವಿಕ್ರಯವೆಂದು ಕರೆದು, ಹದಿನೆಂಟು ವ್ಯವಹಾರಪದಗಳಲ್ಲಿ ಒಂದಾಗಿ ಎಣಿಸಿದರು. ಯಾಜ್ಞವಲ್ಕ್ಯನು ಆ ಪ್ರಕರಣದಲ್ಲಿ ಕೊಳ್ಳುವವನ ಮೇಲೂ ದೋಷವನ್ನಿಡುತ್ತಾನೆ. ಅಂಥ ವಸ್ತುವು ತನ್ನಲ್ಲಿರಲು ಕಾರಣವಿಲ್ಲದವನಿಂದ, ಗುಟ್ಟಾಗಿ, ತೀರ ಕಡಿಮೆ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನನ್ನು ಕಳ್ಳನೆಂದೇ ತಿಳಿಯಬೇಕೆಂಬುದು ಅವನ ಅಭಿಪ್ರಾಯ. ಆ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ೧೦೭೬ರಿಂದ ೧೧೨೬ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು; ನಮ್ಮ ನಾಡಿನವನೇ. ಆಂಗ್ಲರ ಕಾಲದ ನ್ಯಾಯಸ್ಥಾನಗಳು ಅವನ ದಾಯವಿಭಾಗವನ್ನು ಮಾತ್ರ ಬಹಳವಾಗಿ ಬಳಸಿಕೊಂಡವು. ಆಸ್ತಿಯ ಜಗಳಕ್ಕೆ ಬಂದ ಗ್ರಂಥವು ಅಂಗಡಿಯ ವ್ಯವಹಾರಕ್ಕೂ ಬರುವುದೆಂಬುದನ್ನು ನಾವು ಮರೆತೆವು. ಇಂದಿನ ಶಾಸನವೂ ಇದಕ್ಕೆ ದೂರವಿಲ್ಲ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೩೧೭ನೆಯ ಪ್ರಕರಣವು, ಕದ್ದ ಮಾಲೆಂದು ತಿಳಿದು ಅಪ್ರಾಮಾಣಿಕವಾಗಿ ತೆಗೆದುಕೊಂಡವನೊಡನೆ, ಹಾಗೆಂದು ನಂಬಲು ಕಾರಣವಿದ್ದೂ ತೆಗೆದುಕೊಂಡವನನ್ನೂ ಅಪರಾಧಿಯೆಂದೇ ಎಣಿಸುತ್ತದೆ.

ತರುಣನ ಪ್ರಶ್ನೆಗೆ ಉತ್ತರವು ಇಲ್ಲಿಯೇ ಇದೆ. ‘ಗೊತ್ತಿಲ್ಲ’ ಎಂಬುದರಲ್ಲಿ ಎರಡು ವಿಧ. ಕೇಳಿಯೂ ತಿಳಿಯದೆ ಹೋದದ್ದು ಒಂದು. ತಿಳಿದುಬಿಟ್ಟೀತೆಂಬ ಭಯದಿಂದ ಕೇಳದೆ ಬಿಟ್ಟದ್ದು ಮತ್ತೊಂದು. ಎರಡನೆಯದನ್ನು ಅಜ್ಞಾನವೆನ್ನಲಾಗದು, ಅದು ಅರ್ಧ ಜ್ಞಾನ. ಹಾಗೆಂದಮಾತ್ರಕ್ಕೆ ಆ ರಾತ್ರಿಯ ವ್ಯಾಪಾರಿಯನ್ನು ಕಳ್ಳನೆಂದು ನಿರ್ಣಯಿಸುವುದಕ್ಕೆ ನಮಗೆ ಅಧಿಕಾರವಿಲ್ಲ. ಕಷ್ಟದಲ್ಲಿರುವವನು ತನ್ನದನ್ನೇ ಅಗ್ಗಕ್ಕೆ ಮಾರುವುದೂ ಉಂಟು. ಅದಕ್ಕಾಗಿಯೇ ಕೇಳಬೇಕು. ಕೇಳಿದರೆ ಸಾಧುವಾದವನಿಗೆ ಹೇಳುವ ಅವಕಾಶವಾದರೂ ದೊರೆಯುತ್ತದೆ.

ಬಡವನಿಗೆ ಇಷ್ಟು ಸೂಕ್ಷ್ಮವು ಸಲ್ಲದು, ಹೊಟ್ಟೆಯ ಮುಂದೆ ಸ್ಮೃತಿಯೆಲ್ಲಿಯದು, ಎಂದು ಕೆಲವರು ಆಕ್ಷೇಪಿಸುವರು. ಆಕ್ಷೇಪವು ಬಲವಾದದ್ದೇ. ಆದರೆ ರಾತ್ರಿ ರಸ್ತೆಯ ಬದಿಯಲ್ಲಿ ನಿಂತ ಹಳೆಯ ಪಿಕಪ್ಪು ಯಾರದು? ಸಿರಿವಂತನದಲ್ಲ. ಕದ್ದದ್ದೇ ಆದ ಪಕ್ಷದಲ್ಲಿ, ಬೆಳಿಗ್ಗೆ ಗಾಡಿಯ ಕೆಳಗೆ ಬಗ್ಗಿ ನೋಡಿ ತಲೆಯ ಮೇಲೆ ಕೈಹೊತ್ತು ಕುಳಿತವನೂ ಇದೇ ತರುಣನಂಥವನೇ, ಇದೇ ಕಂತಿನವನೇ. ರಿಯಾಯಿತಿಯಾದ ಅರ್ಧ ಬೆಲೆಯನ್ನು ತೆತ್ತವನು ಅವನು. ಈ ಮಾತನ್ನು ಕೇಳಿ ತರುಣನು ಬಹಳ ಹೊತ್ತು ಸುಮ್ಮನಿದ್ದು, ಮರುದಿನ ಕೈಸಾಲ ಮಾಡಿ ರಸೀದಿಯ ಅಂಗಡಿಗೆ ಹೋದನು.

ಅಷ್ಟಕ್ಕೇ ಎಲ್ಲವೂ ಸುಖವಾಯಿತೆಂದರೆ ಸುಳ್ಳಾಗುತ್ತದೆ. ನಾಲ್ಕನೆಯ ದಿನ ಹೆಬ್ಬಾಳದ ಮೇಲ್ಸೇತುವೆಯ ಇಳಿಜಾರಿನಲ್ಲಿ, ಗಾಡಿಯು ಹೊರೆಯೊಡನಿರುವಾಗ, ಕಾಲು ಸಡಿಲಿಸಿದೊಡನೆ ಮೂರನೆಯ ಗೇರು ತಾನಾಗಿ ಕಳಚಿಕೊಂಡಿತು. ಮಾರಿದವನಿಗೆ ಇದು ತಿಳಿದಿರಲಿಲ್ಲವೆಂದೇ ನನ್ನ ನಂಬಿಕೆ. ದುಷ್ಟವಾದ ವಸ್ತುವನ್ನು ಅದುಷ್ಟವೆಂದು ಮಾರಿದವನಿಗೆ ಬೆಲೆಯ ಇಮ್ಮಡಿ ದಂಡವೆಂದು ಯಾಜ್ಞವಲ್ಕ್ಯನು ಹೇಳಿದ್ದಾನೆ. ಅದು ಅರಿತು ಮಾರಿದವನಿಗೆ ಸಲ್ಲತಕ್ಕದ್ದು. ಅರಿಯದೆ ಮಾರಿದ ಸಂದರ್ಭಕ್ಕೆ ಪರೀಕ್ಷೆಯ ಅವಧಿಗಳಿವೆ: ಬೀಜಕ್ಕೆ ೧೦ ದಿನ, ಕಬ್ಬಿಣಕ್ಕೆ ೧ ದಿನ, ಹೊರೆಹೊರುವ ಪಶುವಿಗೆ ೫ ದಿನ, ಕರೆಯುವ ಹಸುವಿಗೆ ೩ ದಿನ. ಪಾಠಶಾಲೆಯಲ್ಲಿ ಓದಿದವರಿಗೆ ಇಲ್ಲಿ ಒಂದು ಸ್ವಾರಸ್ಯವಾದ ಪೂರ್ವಪಕ್ಷವು ಸಿಕ್ಕುತ್ತದೆ. ಗೇರ್‌ಬಾಕ್ಸು ಕಬ್ಬಿಣವೊ, ಹೊರೆಹೊರುವ ಪಶುವೊ? ದ್ರವ್ಯವನ್ನು ನೋಡಿದರೆ ಒಂದೇ ದಿನ. ಕಾರ್ಯವನ್ನು ನೋಡಿದರೆ ಐದು. ಹೊರೆಯ ಕೆಳಗಲ್ಲದೆ ದೋಷವು ಕಾಣದಾದುದರಿಂದ ಇದನ್ನು ಎತ್ತಿನ ಪಂಕ್ತಿಯಲ್ಲಿ ಕೂರಿಸಬೇಕೆಂದು ನನ್ನ ಮತ. ಆ ಲೆಕ್ಕದಲ್ಲಿ ನಾಲ್ಕನೆಯ ದಿನವು ಅವಧಿಯ ಒಳಗೇ ಬಂದಿತು.

೧೯೩೦ರ ಸರಕು ಮಾರಾಟ ಅಧಿನಿಯಮದ ೧೬ನೆಯ ಪ್ರಕರಣವು ಗುಣದ ಹೊಣೆಯನ್ನು ಸಾಮಾನ್ಯವಾಗಿ ಮಾರುವವನ ಮೇಲೆ ಹೊರಿಸುವುದಿಲ್ಲ. ಆದರೆ ಆ ಬಗೆಯ ಸರಕನ್ನು ಮಾರುವುದೇ ಕಸುಬಾದವನಿಗೆ ತನ್ನ ಉದ್ದೇಶವನ್ನು ತಿಳಿಸಿ, ಅವನ ತಿಳಿವಳಿಕೆಯನ್ನು ನಂಬಿ ಕೊಂಡವನಿಗೆ ಅದು ರಕ್ಷಣೆಯನ್ನು ಕೊಡುತ್ತದೆ. ಇಲ್ಲಿಯೂ ಬಾಯಿಬಿಟ್ಟವನಿಗೇ ಆಶ್ರಯ. ತರುಣನು ಗಾಡಿಯ ಹೆಸರನ್ನೂ ಹೊರುವ ಹೊರೆಯನ್ನೂ ಮೊದಲೇ ಹೇಳಿದ್ದನು. ಅಂಗಡಿಯವನು ತಕರಾರು ಮಾಡದೆ ಬೇರೊಂದು ಗೇರ್‌ಬಾಕ್ಸನ್ನು ಕೊಟ್ಟನು. ಇಳಿಸಿ ಏರಿಸುವ ಕೂಲಿ ಮಾತ್ರ ತರುಣನ ಮೇಲೆಯೇ ಬಿತ್ತು. ಇಬ್ಬರೂ ಅರಿಯದ ದೋಷದ ನಷ್ಟವನ್ನು ಇಬ್ಬರೂ ಹಂಚಿಕೊಳ್ಳುವುದು ನ್ಯಾಯವಾಗಿದ್ದಿತು.

ರಸೀದಿಯ ವಿಷಯದಲ್ಲಿ ಇನ್ನೊಂದು ಮಾತು. ಕೊಂಡ ವಸ್ತುವಿನ ಮೇಲೆ ಮತ್ತೊಬ್ಬನು ಹಕ್ಕು ಹೂಡಿದಾಗ, ಮಾರಿದವನನ್ನು ತೋರಿಸಿದರೆ ಕೊಂಡವನಿಗೆ ಶುದ್ಧಿಯುಂಟೆಂದು ಸ್ಮೃತಿಯಲ್ಲಿದೆ. ಒಡೆಯನಿಗೆ ವಸ್ತುವು ಸೇರುತ್ತದೆ; ಕೊಂಡವನು ತನ್ನ ಹಣವನ್ನು ಮಾರಿದವನಿಂದ ಪಡೆಯುತ್ತಾನೆ. ಆದಕಾರಣ ‘ಹಳೆಯ ಸಾಮಾನು ಒಂದು’ ಎಂದಷ್ಟೇ ಬರೆದ ಚೀಟಿಯಿಂದ ಪ್ರಯೋಜನವು ಅಲ್ಪ. ಯಾವ ಗಾಡಿಯಿಂದ ಬಿಚ್ಚಿದ್ದೊ ಅದರ ಚಾಸಿಸಂಖ್ಯೆಯನ್ನೂ, ಗೇರ್‌ಬಾಕ್ಸಿನ ಕವಚದ ಮೇಲೆ ಅಚ್ಚಾಗಿರುವ ಅಂಕೆಗಳನ್ನೂ, ಮಾರಿದವನ ವಿಳಾಸವನ್ನೂ, ಪರೀಕ್ಷೆಗೆ ಕೊಟ್ಟ ದಿನಗಳನ್ನೂ ಬರೆಯಿಸಿಕೊಳ್ಳಬೇಕು. ತರುಣನ ಎರಡನೆಯ ರಸೀದಿಯಲ್ಲಿ ಇವು ನಾಲ್ಕೂ ಇವೆ. ಅಂಗಡಿಯವನು ಹೇಳುತ್ತ ಹೋದಂತೆ ಬರೆದುಕೊಂಡವನು ತರುಣನೇ.