ನಕ್ಷತ್ರ ಹಾಕಿದ ಪದ

ಭಾಷಾಶಾಸ್ತ್ರದ ಪುಸ್ತಕಗಳಲ್ಲಿ ಕೆಲವು ಪದಗಳ ಹಿಂದೆ ಪುಟ್ಟ ನಕ್ಷತ್ರವೊಂದು ಇರುತ್ತದೆ. ಈ ಪದ ಎಲ್ಲೂ ಬರೆದು ಸಿಕ್ಕಿಲ್ಲ, ನಾವು ಊಹಿಸಿಕೊಂಡದ್ದು ಎಂದು ಅದರ ಅರ್ಥ. ಸಂಶೋಧನೆಗೆ ಸೇರಿದ ಹೊಸತರಲ್ಲಿ ಟಿಪ್ಪಣಿ ಮಾಡಿಕೊಳ್ಳುವಾಗ ನಾನು ಅದನ್ನು ಬಿಟ್ಟುಬಿಡುತ್ತಿದ್ದೆ. ಸೋಮಾರಿತನ, ಅಷ್ಟೆ. ಅದೂ ಒಂದು ಬಗೆಯ ಸುಳ್ಳು ಎಂದು ಹೊಳೆದದ್ದು ತುರ್ಕಿಕ್ ಭಾಷೆಗಳ ‘ಒಂಬತ್ತು’ ಎದುರಾದಾಗ.

ಟರ್ಕಿಯವರಿಗೆ ಒಂಬತ್ತು ಎಂದರೆ ‘ದೊಕುಜ಼್’. ಕಜ಼ಾಕ್, ಉಜ್ಬೆಕ್ ಮಾತುಗಳಲ್ಲೂ ಕೊನೆಗೆ ಜ಼ಕಾರವೇ. ವೋಲ್ಗಾ ತೀರದ ಚುವಾಶರು ಮಾತ್ರ ‘ತಹ್ಹರ್’ ಎನ್ನುತ್ತಾರೆ. ಹುಡುಗಿ ಅಲ್ಲಿ ‘ಕಿಜ಼್’, ಇಲ್ಲಿ ‘ಹೆರ್’. ಹಾಗಾದರೆ ಮೂಲದಲ್ಲಿದ್ದದ್ದು ಯಾವುದು?

ಕೈಯೆತ್ತಿಸಿ ಎಣಿಸಿದರೆ ಜ಼ಕಾರ ಗೆಲ್ಲುತ್ತದೆ. ಹಳೆಯ ದಾಖಲೆಯೂ ಅದರ ಕಡೆಗೇ. 1893ರಲ್ಲಿ ವಿಲ್‌ಹೆಲ್ಮ್ ಥಾಮ್ಸನ್ ಓದಿ ಬಿಡಿಸಿದ, ಮಂಗೋಲಿಯಾದ ಓರ್ಖೋನ್ ಕಣಿವೆಯ 8ನೇ ಶತಮಾನದ ಶಾಸನಗಳಲ್ಲಿ ‘ತೊಕುಜ಼್’ ಇದೆ. ಕನ್ನಡದವರಾದ ನಮಗೆ ಶಾಸನ ಸಿಕ್ಕಿತೆಂದರೆ ವಾದ ಮುಗಿದಂತೆ. ‘ಹಾಲು’ ಒಂದು ಕಾಲಕ್ಕೆ ‘ಪಾಲ್’ ಆಗಿತ್ತೆನ್ನಲು ಹಳಗನ್ನಡವೇ ಸಾಕ್ಷಿ. ಆದರೆ ಓರ್ಖೋನಿನ ಕಲ್ಲು ಆಡುವುದು ಒಂದು ಕವಲಿನ ಮಾತನ್ನು ಮಾತ್ರ. ಒಂದೇ ಮನೆಯ ಮೂವತ್ತು ಜನ ಒಂದೇ ಮಾತು ಹೇಳಿದರೆ ಸಾಕ್ಷಿ ಮೂವತ್ತಾಗುವುದಿಲ್ಲ. ಚುವಾಶಿಯದು ಇನ್ನೊಂದೇ ಕವಲು, ಮತ್ತು ಆ ಕವಲಿನಲ್ಲಿ ಇವತ್ತು ಉಳಿದಿರುವುದು ಅದೊಂದೇ. ಹೊರಗಿನವರೂ ಅದರ ನೆರವಿಗೆ ಬರುತ್ತಾರೆ: ಟರ್ಕಿಯವರ ಎತ್ತು ‘ಒಕುಜ಼್’, ಹಂಗೇರಿಯವರದು ‘ಒಕೊರ್’. ಹಂಗೇರಿಯವರು ಅದನ್ನು ಬಹಳ ಹಿಂದೆಯೇ ರಕಾರದ ಕವಲಿನಿಂದ ಕಡ ತಂದಿದ್ದರು.

ಆದರೂ ಒಮ್ಮತವಿಲ್ಲ. ರಕಾರ ಜ಼ಕಾರವಾಯಿತು ಎನ್ನುವವರಿದ್ದಾರೆ, ಜ಼ಕಾರವೇ ರಕಾರವಾಯಿತು ಎನ್ನುವವರೂ ಇದ್ದಾರೆ. ಹಲವರು ರಕಾರದ ತಲೆಯ ಮೇಲೊಂದು ಓರೆಗೆರೆ ಎಳೆದು ಮುಂದೆ ಹೋಗುತ್ತಾರೆ. ಆ ಅಕ್ಷರ ಅರ್ಧ ಒಂದು ಧ್ವನಿಯ ಗುರುತು, ಇನ್ನರ್ಧ ಮುಗಿಯದ ಜಗಳವೊಂದರ ಹೆಸರು. ನನಗಂತೂ ಅದು ಇಷ್ಟ.

ನನ್ನನ್ನು ಕಾಡುವುದು ಬೇರೆಯೇ. ಚುವಾಶಿಯೂ ಆ ಕವಲಿನ ಒಂದಷ್ಟು ಗೋರಿಕಲ್ಲುಗಳೂ ಉಳಿಯದೇ ಹೋಗಿದ್ದರೆ? ನಮ್ಮ ಮೂಲರೂಪ ನಿರಾತಂಕವಾಗಿ ಜ಼ಕಾರದಲ್ಲಿ ಮುಗಿಯುತ್ತಿತ್ತು, ಈಗಿನದಕ್ಕಿಂತ ಅಚ್ಚುಕಟ್ಟಾಗಿ. ಹಂಗೇರಿಯ ಎತ್ತನ್ನು ಏನೋ ವಿಚಿತ್ರವೆಂದು ಪಕ್ಕಕ್ಕೆ ಕಟ್ಟಿಬಿಡುತ್ತಿದ್ದೆವು. ತಕರಾರು ಮಾಡಬೇಕಾದವರು ಸತ್ತುಹೋಗಿದ್ದಾರೆಂಬ ಒಂದೇ ಕಾರಣಕ್ಕೆ ನಾವು ಖಚಿತವಾಗಿರುತ್ತಿದ್ದೆವು. ಬೇರೆ ಎಷ್ಟು ಪದಗಳ ವಿಷಯದಲ್ಲಿ ಈಗಾಗಲೇ ಹೀಗಾಗಿದೆಯೋ.

ಮೊನ್ನೆ ಹಳೆಯ ನೋಟ್‌ಬುಕ್ ತೆಗೆದು, ಬಿಟ್ಟಿದ್ದ ನಕ್ಷತ್ರಗಳನ್ನು ಒಂದೊಂದಾಗಿ ಹಾಕುತ್ತ ಹೋದೆ. ಕೆಲವು ಪದಗಳ ಬಳಿ ಪೆನ್ನು ನಿಂತಿತು. ಅವು ಕಲ್ಲಿನಲ್ಲಿ ಸಿಕ್ಕವೋ, ಯಾರೋ ಕಟ್ಟಿಕೊಂಡವೋ, ನನಗೇ ನೆನಪಿರಲಿಲ್ಲ.